ಇಹೋಸ್

ಅರ್ಜೆಂಟೀನಾದ ಸೇನಾ ಸರ್ವಾಧಿಕಾರದಲ್ಲಿ (1976–83) ಅಪಹರಣಕ್ಕೊಳಗಾಗಿ ಕಣ್ಮರೆಯಾದವರ, ಕೊಲೆಯಾದವರ, ಸೆರೆಮನೆ ಕಂಡವರ ಹಾಗೂ ದೇಶ ಬಿಟ್ಟು ಹೋಗಬೇಕಾದವರ ಮಕ್ಕಳು 1995ರಲ್ಲಿ ಕಟ್ಟಿದ ಮಾನವಹಕ್ಕು ಸಂಘಟನೆ. ಮಾನವಹಕ್ಕು ಸಂಘಟನೆಗಳ ಪ್ರಕಾರ ಕಣ್ಮರೆಯಾದವರು ಸುಮಾರು 30,000. ಕಣ್ಮರೆಯಾದವರ ತಾಯಂದಿರು 1977ರಿಂದ ಬ್ಯೂನಸ್ ಐರಿಸ್‌ನ ಮಾಯೊ ಚೌಕದಲ್ಲಿ ನಡೆಸುತ್ತ ಬಂದ ಹೋರಾಟವನ್ನು ಈ ಮಕ್ಕಳು ಮುಂದುವರಿಸಿದರು.

ಸಂಘಟನೆ ಹುಟ್ಟಿದಾಗ ನ್ಯಾಯಾಲಯದ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. 1986 ಮತ್ತು 1987ರ ಎರಡು ಕಾನೂನುಗಳು ಸೇನಾಧಿಕಾರಿಗಳ ವಿಚಾರಣೆಗೆ ತಡೆ ಹಾಕಿದ್ದವು. ಶಿಕ್ಷೆಗೊಳಗಾದ ಸೇನಾ ನಾಯಕರಿಗೆ ಅಧ್ಯಕ್ಷ ಕಾರ್ಲೊಸ್ ಮೆನೆಮ್ 1990ರಲ್ಲಿ ಕ್ಷಮಾದಾನ ನೀಡಿದ್ದರು. ಇದಕ್ಕೆ ಇಹೋಸ್ ಕೊಟ್ಟ ಉತ್ತರ ‘ಎಸ್ಕ್ರಾಚೆ’ ಎಂಬ ಬಹಿರಂಗ ಪ್ರತಿಭಟನೆ. ಚಿತ್ರಹಿಂಸೆ ನೀಡಿದವನು ಈಗ ಎಲ್ಲಿ ವಾಸವಾಗಿದ್ದಾನೆಂದು ಪತ್ತೆಹಚ್ಚಿ, ಅವನ ಭಾವಚಿತ್ರ, ವಿಳಾಸ ಮತ್ತು ಕೃತ್ಯಗಳಿರುವ ಕರಪತ್ರಗಳನ್ನು ನೆರೆಹೊರೆಗೆ ಮೊದಲೇ ಹಂಚುತ್ತಿದ್ದರು; ನಿಗದಿತ ದಿನ ಡೋಲು ಬಾರಿಸುತ್ತ ಮೆರವಣಿಗೆ ಹೋಗಿ ಮನೆಯೆದುರು ಹೆಸರು ಕೂಗಿ, ಗೋಡೆಗೆ ಕೆಂಪು ಬಣ್ಣ ಎರಚುತ್ತಿದ್ದರು. ಸಂಚಾರ ಫಲಕಗಳನ್ನೇ ಹೋಲುವ ಎಚ್ಚರಿಕೆ ಫಲಕಗಳನ್ನು ಬೀದಿ ಕಲಾವಿದರ ಗುಂಪೊಂದು ತಯಾರಿಸಿ ನೆಡುತ್ತಿತ್ತು. ಕಾನೂನು ಕೈಬಿಟ್ಟ ಅಪರಾಧವನ್ನು ಊರಿನ ನೆನಪಿಗೆ ತಂದ ಈ ಕ್ರಮವೇ ಸಂಘಟನೆಯ ಅತಿ ಮುಖ್ಯ ಕೊಡುಗೆ.

ಆ ಕಾನೂನುಗಳನ್ನು ಸಂಸತ್ತು 2003ರಲ್ಲಿ ರದ್ದುಪಡಿಸಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಅನಂತರದ ಮೊಕದ್ದಮೆಗಳಲ್ಲಿ ಇಹೋಸ್ ಫಿರ್ಯಾದಿಯಾಗಿ ಪಾಲ್ಗೊಂಡಿತು, ಸದಸ್ಯರು ಸಾಕ್ಷಿ ನುಡಿದರು. ಬಂಧನದಲ್ಲಿ ಹುಟ್ಟಿ ಬೇರೆಯವರ ಪಾಲಾದ ತಮ್ಮ ಒಡಹುಟ್ಟಿದವರ ಹುಡುಕಾಟದಲ್ಲಿ ಇವರು ಮಾಯೊ ಚೌಕದ ಅಜ್ಜಿಯರ ಸಂಘದ ಜೊತೆಗೂಡಿದ್ದಾರೆ. ಗ್ವಾಟೆಮಾಲ ಮತ್ತು ಮೆಕ್ಸಿಕೊಗಳಲ್ಲಿಯೂ ಇದೇ ಹೆಸರಿನ ಸಂಘಟನೆಗಳಿವೆ.