ಮೋಟಾರು ಅಪಘಾತ ಪರಿಹಾರ: ರುಜುವಾತಿನ ಹೊರೆಯ ಚರಿತ್ರೆ

ಭಾರತದಲ್ಲಿ ಮೋಟಾರು ವಾಹನದಿಂದ ಗಾಯಗೊಂಡವನು ಪರಿಹಾರ ಪಡೆಯುವ ಮಾರ್ಗವು ಹೇಗೆ ರೂಪುಗೊಂಡಿತೆಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ. ಮೊದಲು ಅವನು ನ್ಯಾಯಾಲಯದ ಶುಲ್ಕ ತೆತ್ತು ಸಿವಿಲ್ ದಾವೆ ಹೂಡಬೇಕಾಗಿತ್ತು. 1939ರ ಮೋಟಾರು ವಾಹನ ಕಾಯಿದೆಯು ವಿಧಿಸಿದ ಕಡ್ಡಾಯ ವಿಮೆಯು 1946ರಲ್ಲಿ ಜಾರಿಗೆ ಬಂದು, ತೀರ್ಪಿನ ಹಣ ಕೈಸೇರುವ ಭರವಸೆಯನ್ನಿತ್ತಿತು. 1956ರ ತಿದ್ದುಪಡಿಯು ಪ್ರತ್ಯೇಕ ನ್ಯಾಯಮಂಡಲಿಗಳಿಗೆ ಅವಕಾಶ ಕಲ್ಪಿಸಿತು. ಆದರೂ ಚಾಲಕನ ನಿರ್ಲಕ್ಷ್ಯವನ್ನು ರುಜುವಾತುಪಡಿಸುವ ಹೊರೆಯು ಗಾಯಾಳುವಿನ ಮೇಲೆಯೇ ಉಳಿಯಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಸಾಕ್ಷಿಯಿಲ್ಲದ ರಸ್ತೆಯಲ್ಲಿ ಬಿದ್ದವನು ಬರಿಗೈಯಲ್ಲಿ ಮರಳಬೇಕಾಗಿತ್ತು. 1982ರ ತಿದ್ದುಪಡಿಯು, ತಪ್ಪು ಯಾರದೆಂದು ಕೇಳದೆಯೇ, ಮರಣಕ್ಕೆ 15,000 ಮತ್ತು ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿಗಳನ್ನು ಗೊತ್ತುಮಾಡಿತು. ಮೊತ್ತವು ಅಲ್ಪವೇ ಸರಿ. ಆದರೆ ಹಾನಿಯೇ ಹಕ್ಕಿಗೆ ಆಧಾರವೆಂಬ ತತ್ತ್ವವು ಅಂದು ಈ ಕಾಯಿದೆಯಲ್ಲಿ ನೆಲೆಗೊಂಡಿತೆಂದು ನಾವು ಭಾವಿಸುತ್ತೇವೆ.