ಜೋಗದ ಗುಂಡಿ ಮತ್ತು ಗೇರುಸೊಪ್ಪೆ: ಒಂದು ಕಮರಿಯ ಎರಡು ತುದಿಗಳು

ಶರಾವತಿ ನದಿಯು ಘಟ್ಟದ ಅಂಚಿನಿಂದ ಧುಮ್ಮಿಕ್ಕುವ ಸ್ಥಳಕ್ಕೆ ಮೂರು ಹೆಸರುಗಳಿವೆ. ಸುತ್ತಲಿನ ಜನ ಅದನ್ನು ‘ಜೋಗದ ಗುಂಡಿ’ ಎಂದರು. ಬ್ರಿಟಿಷರ ಕಾಲದ ವರದಿಗಳೂ ಗೆಜೆಟಿಯರುಗಳೂ ‘ಗೇರುಸೊಪ್ಪೆ ಜಲಪಾತ’ ಎಂದು ದಾಖಲಿಸಿದವು. ಇಂದಿನ ನಕಾಶೆಗಳಲ್ಲಿ, ರಸ್ತೆಯ ಫಲಕಗಳಲ್ಲಿ, ಪ್ರವಾಸಿಗರ ಮಾತಿನಲ್ಲಿ ‘ಜೋಗ ಜಲಪಾತ’ ಎಂಬುದು ನೆಲೆಗೊಂಡಿದೆ. ಯಾವ ಕಡೆಯಿಂದ ಬಂದವರು, ಏನನ್ನು ಅರಸಿ ಬಂದವರು ಆ ಸ್ಥಳವನ್ನು ಕಂಡರು ಎಂಬುದನ್ನು ಪ್ರತಿಯೊಂದು ಹೆಸರೂ ಸೂಚಿಸುತ್ತದೆ. ಒಂದು ಜೈನ ರಾಜಧಾನಿಯು ನಾಡಿನ ನೆನಪಿನಿಂದ ಸರಿದುಹೋದ ಕಥೆಯೂ ಈ ಹೆಸರುಗಳ ನಡುವೆ ಅಡಗಿದೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯ ಒಟ್ಟು ಉದ್ದ ಸುಮಾರು 128 ಕಿಲೋಮೀಟರು. ಮಲೆನಾಡಿನ ಎತ್ತರದಲ್ಲಿ ಹರಿದ ನದಿ ಜೋಗದಲ್ಲಿ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲುಗಳಾಗಿ 253 ಮೀಟರು ಕೆಳಕ್ಕೆ ಬೀಳುತ್ತದೆ. ಅಲ್ಲಿಂದ ಕಡಿದಾದ ಕಮರಿಯೊಳಗೆ ಪಶ್ಚಿಮಕ್ಕೆ ಹರಿದು, ಗೇರುಸೊಪ್ಪೆಯನ್ನು ದಾಟಿ ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಸಾಗರದ ಕಡೆಯ ದಂಡೆಯಿಂದ ಗುಂಡಿಯ ತಳಕ್ಕೆ ಇಳಿಯಲು ಸುಮಾರು 1400 ಮೆಟ್ಟಿಲುಗಳ ದಾರಿಯಿದೆ. ಇಳಿಯುವವರಿಗೆ ಇದು ಮೊಣಕಾಲಿನ ಪರೀಕ್ಷೆ. ಹತ್ತುವಾಗ ಉಸಿರಿನ ಪರೀಕ್ಷೆ. ತಳದಲ್ಲಿ ನಿಂತವರು ಸಹಜವಾಗಿಯೇ ತಲೆಯೆತ್ತಿ ನೀರನ್ನು ನೋಡುತ್ತಾರೆ. ಬೆನ್ನ ಹಿಂದೆ ನದಿ ಹರಿದುಹೋಗುವ ದಿಕ್ಕನ್ನು ಗಮನಿಸುವವರು ಕಡಿಮೆ. ಚರಿತ್ರೆ ಇರುವುದು ಆ ದಿಕ್ಕಿನಲ್ಲಿ.

ಘಟ್ಟದ ಮೇಲಿನ ನಾಡಿಗೂ ಕರಾವಳಿಗೂ ನಡುವೆ ಸರಕು ಸಾಗಿಸುತ್ತಿದ್ದವರಿಗೆ ಶರಾವತಿ ಎರಡು ಬಗೆಯ ನದಿಯಾಗಿತ್ತು. ಹೊನ್ನಾವರದ ಅಳಿವೆಯಿಂದ ಗೇರುಸೊಪ್ಪೆಯವರೆಗೆ ಅದು ದೋಣಿ ನಡೆಯುವ ಹೆದ್ದಾರಿ. ಅದರಾಚೆ ಕಮರಿ, ಬಂಡೆ, ಕಾಡು. ದೋಣಿಯ ಸರಕು ಇಳಿದು ಎತ್ತಿನ ಹೇರಾಗುವ, ಘಟ್ಟದಿಂದ ಇಳಿದ ಹೇರು ದೋಣಿಯನ್ನೇರುವ ಎಡೆಯಲ್ಲಿ ಸಂತೆ ಬೆಳೆಯುತ್ತದೆ. ಸಂತೆಯಿಂದ ಸುಂಕ, ಸುಂಕದಿಂದ ಅರಸೊತ್ತಿಗೆ. ಕ್ಷೇಮಪುರ, ಭಲ್ಲಾತಕೀಪುರ ಎಂಬ ಸಂಸ್ಕೃತ ಹೆಸರುಗಳನ್ನೂ ಪಡೆದ ಗೇರುಸೊಪ್ಪೆ ನಗಿರೆ ರಾಜ್ಯದ ರಾಜಧಾನಿಯಾಗಿ ಬೆಳೆದದ್ದು ಹೀಗೆ. ನದಿಯನ್ನು ದೋಣಿಗೆ ದುರ್ಗಮಗೊಳಿಸಿದ ಕಮರಿಯೇ ಈ ಪಟ್ಟಣವನ್ನು ಸಾಧ್ಯವಾಗಿಸಿತು. ಜಲಪಾತ ನಿಸರ್ಗಕ್ಕೆ ಸೇರಿದ್ದು, ಬಸದಿ ಚರಿತ್ರೆಗೆ ಸೇರಿದ್ದು ಎಂಬ ವಿಭಜನೆ ಇಲ್ಲಿ ನಿಲ್ಲುವುದಿಲ್ಲ.

ವಿಜಯನಗರದ ಅಧೀನದಲ್ಲಿದ್ದ ಸಾಳ್ವ ಮನೆತನದ ಜೈನ ಅರಸರು ಇಲ್ಲಿಂದ ಆಳಿದರು. ಊರಿನ ಹತ್ತಿರ ನದಿಯ ಆಚೆ ಕಾಡಿನೊಳಗಿರುವ ನಗರಬಸ್ತಿಕೇರಿಯ ಚತುರ್ಮುಖ ಬಸದಿ ಅವರ ಕಾಲದ ಪ್ರಮುಖ ಉಳಿಕೆ. ಶಿಲುಬೆಯಾಕಾರದ ತಳವಿನ್ಯಾಸ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಡುವೆ ನಾಲ್ಕೂ ಕಡೆಗೆ ಮುಖಮಾಡಿದ ಜಿನಬಿಂಬಗಳು. ಇಮ್ಮಡಿ ಭೈರವನು 1586ರಲ್ಲಿ ಕಾರ್ಕಳದಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯೊಡನೆ ಇದನ್ನು ಹೋಲಿಸಿ ಅಭ್ಯಾಸ ಮಾಡುವುದು ಉಪಯುಕ್ತ. ಪಾರ್ಶ್ವನಾಥ, ವರ್ಧಮಾನ, ನೇಮಿನಾಥ ಬಸದಿಗಳೂ ಸುತ್ತಮುತ್ತ ಇವೆ. ಸಾಹಿತ್ಯ ಚರಿತ್ರೆಯಲ್ಲಿಯೂ ಗೇರುಸೊಪ್ಪೆಗೆ ಸ್ಥಾನವಿದೆ. ಹಿಂದಿನ ಕವಿಗಳ ಪದ್ಯಗಳನ್ನು ವಿಷಯವಾರು ಆಯ್ದು ‘ಕಾವ್ಯಸಾರ’ವೆಂಬ ಸಂಕಲನವನ್ನು ಸಿದ್ಧಪಡಿಸಿದ 16ನೆಯ ಶತಮಾನದ ಅಭಿನವವಾದಿ ವಿದ್ಯಾನಂದನು ಈ ಊರಿನವನು. ಮೆಣಸಿನ ಮೂಟೆಗಳು ಇಳಿದೇರುತ್ತಿದ್ದ ಪಟ್ಟಣದಲ್ಲಿಯೇ ಕನ್ನಡ ಕಾವ್ಯಪರಂಪರೆಯ ಲೆಕ್ಕವನ್ನೂ ಒಬ್ಬ ವಿದ್ವಾಂಸ ಬರೆದಿಟ್ಟಿದ್ದನು.

ರಾಣಿ ಚೆನ್ನಭೈರಾದೇವಿಯ ದೀರ್ಘ ಆಳ್ವಿಕೆ (1552–1606) ಈ ರಾಜ್ಯದ ಉತ್ಕರ್ಷವೂ ಹೌದು, ಅಂತ್ಯವೂ ಹೌದು. ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದು ಕರೆದರು. ವ್ಯಾಪಾರಿಯ ಕಣ್ಣಿಗೆ ಕಂಡ ರಾಣಿ ಆಕೆ. ಬಸದಿಗಳ ನಾಡನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪೊರೆದವಳು ಆ ಹೆಸರಿನಲ್ಲಿ ಕಾಣುವುದಿಲ್ಲ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನು ರಾಜ್ಯವನ್ನು ವಶಪಡಿಸಿಕೊಂಡನು, ರಾಣಿ ಸೆರೆಯಾದಳು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೋಗುವಾಗ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದನು. ಅವನು ಕಂಡದ್ದು ಹಾಳಾದ ಪಟ್ಟಣವನ್ನು. ಅರಮನೆಯ ನೆಲದಲ್ಲಿ ಆಗಲೇ ಮರಗಳು ಬೆಳೆದಿದ್ದವು. ರಾಣಿಯು ಪರದೇಶಿಯೊಬ್ಬನಿಗೆ ಒಲಿದು ರಾಜ್ಯವನ್ನು ಕಳೆದುಕೊಂಡಳೆಂಬ ಕಥೆಯನ್ನೂ ಅವನು ಬರೆದಿದ್ದಾನೆ. ಗೆದ್ದವರ ನಾಡಿನಲ್ಲಿ ಸಂಚರಿಸುತ್ತಿದ್ದ, ಗೆದ್ದವರ ಅತಿಥಿಯಾಗಿ ಹೋಗುತ್ತಿದ್ದವನು ಕೇಳಿದ ಕಥೆಯಿದು. ಸೋತ ರಾಣಿಯ ಪತನಕ್ಕೆ ಸೇನೆ, ಸುಂಕ, ಮೆಣಸಿನ ಪೈಪೋಟಿಗಳಿಗಿಂತ ಆಕೆಯ ನಡತೆಯೇ ಕಾರಣವೆಂದು ಹೇಳುವ ಪರಿಪಾಠ ಹಳೆಯದು. ಪಟ್ಟಣದ ಸ್ಥಿತಿಯ ಬಗ್ಗೆ ಅವನ ಬರಹ ಕಣ್ಣಾರೆ ಕಂಡ ಸಾಕ್ಷ್ಯ. ರಾಣಿಯ ಬಗ್ಗೆ ಅದು ಕಿವಿಮಾತು. ಸಂಶೋಧಕರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಊರು ಕುಗ್ಗಿದರೂ ದಾರಿ ಉಳಿಯಿತು. 19ನೆಯ ಶತಮಾನದಲ್ಲಿಯೂ ಕಡಲ ಕಡೆಯಿಂದ ಜಲಪಾತವನ್ನು ನೋಡಲು ಹೊರಟವರು ಹೊನ್ನಾವರದಿಂದ ನದಿಯ ಮೇಲೆ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತುತ್ತಿದ್ದರು. ಆದ್ದರಿಂದಲೇ ಜಲಪಾತಕ್ಕೆ ದೂರದ ಆ ಊರಿನ ಹೆಸರು ಅಂಟಿತು. 1856ರಲ್ಲಿ ನೌಕಾಪಡೆಯ ಇಬ್ಬರು ಅಧಿಕಾರಿಗಳು ಅದರ ಎತ್ತರವನ್ನು ಅಳೆದು 829 ಅಡಿಯೆಂದು ನಿರ್ಧರಿಸಿದರು. 1883ರಲ್ಲಿ ಪ್ರಕಟವಾದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಜಲಪಾತವೂ ಹಾಳು ಪಟ್ಟಣವೂ ಗೇರುಸೊಪ್ಪೆಯ ಹೆಸರಿನಲ್ಲಿಯೇ ದಾಖಲಾದವು. ಉಚ್ಛ್ರಾಯ ಕಾಲದಲ್ಲಿ ಲಕ್ಷ ಮನೆಗಳೂ 84 ದೇಗುಲಗಳೂ ಅಲ್ಲಿದ್ದವೆಂಬ ಐತಿಹ್ಯವನ್ನು ಗೆಜೆಟಿಯರುಗಳು ಉಳಿಸಿಕೊಟ್ಟವು. ಆ ಸಂಖ್ಯೆಯನ್ನು ಜನಗಣತಿಯೆಂದು ಓದಬೇಕಾಗಿಲ್ಲ. ಕಳೆದುಹೋದ ಊರಿನ ಬಗ್ಗೆ ಉಳಿದವರಿಗಿದ್ದ ಹೆಮ್ಮೆಯ ಅಳತೆಯೆಂದು ಓದಬಹುದು.

20ನೆಯ ಶತಮಾನದಲ್ಲಿ ದಿಕ್ಕು ಬದಲಾಯಿತು. ಅದುವರೆಗೆ ಜೋಗದ ಒಂದು ದಂಡೆ ಮುಂಬಯಿ ಪ್ರಾಂತ್ಯಕ್ಕೆ, ಮತ್ತೊಂದು ಮೈಸೂರು ಸಂಸ್ಥಾನಕ್ಕೆ ಸೇರಿತ್ತು; ಎರಡೂ ಕಡೆ ಬೇರೆ ಬೇರೆ ಪ್ರವಾಸಿ ಬಂಗಲೆಗಳಿದ್ದವು. ಹಿರೇಭಾಸ್ಕರ ಅಣೆಕಟ್ಟೆಯ ನೀರಿನಿಂದ ವಿದ್ಯುತ್ತು ಉತ್ಪಾದನೆ ಆರಂಭವಾದಂತೆ ಮೈಸೂರಿನ ಕಡೆಯ ಜೋಗ ಪ್ರಾಮುಖ್ಯ ಪಡೆಯಿತು. 1956ರಲ್ಲಿ ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಬಂದವು. 1964ರ ಲಿಂಗನಮಕ್ಕಿ ಅಣೆಕಟ್ಟೆ ಹಿರೇಭಾಸ್ಕರವನ್ನೂ ಅನೇಕ ಹಳ್ಳಿಗಳನ್ನೂ ಮುಳುಗಿಸಿತು. ಮಳೆಗಾಲದ ಹೊರತು ಜಲಪಾತದ ಧಾರೆಗಳು ತೆಳುವಾದವು. ಪ್ರವಾಸಿಗರು ಈಗ ಹೆಚ್ಚಾಗಿ ಸಾಗರದ ರಸ್ತೆಯಿಂದ, ಮೇಲಿನಿಂದ ಬರುತ್ತಾರೆ. ಕೆಳಗಿನ ಊರಿನ ಹೆಸರಿನ ಅಗತ್ಯ ಅವರಿಗಿಲ್ಲ.

ಆಧುನಿಕ ಕನ್ನಡ ಸಾಹಿತ್ಯವೂ ಈ ನದಿಯನ್ನು ಬೇರೆ ಬೇರೆ ಎಡೆಗಳಲ್ಲಿ ನಿಂತು ಕಂಡಿದೆ. ನಿಸಾರ್ ಅಹಮದರ ‘ನಿತ್ಯೋತ್ಸವ’ಕ್ಕೆ ಜೋಗ ನಾಡಿನ ಸಿರಿಯ ಸಂಕೇತ. ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ಗಳಿಗೆ ನದಿಯೆಂದರೆ ಏರುತ್ತಿರುವ ಹಿನ್ನೀರು. ಗಜಾನನ ಶರ್ಮರು ‘ಪುನರ್ವಸು’ವಿನಲ್ಲಿ ಅಣೆಕಟ್ಟೆಯ ಕಾಲವನ್ನೂ ‘ಚೆನ್ನಭೈರಾದೇವಿ’ಯಲ್ಲಿ ರಾಣಿಯ ಕಾಲವನ್ನೂ ಕಾದಂಬರಿಯಾಗಿಸಿದರು. ಇವುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಶರಾವತಿಯ ಮೇಲು ಕೆಳಗುಗಳು ಮತ್ತೆ ಒಂದಾಗುತ್ತವೆ.

ಇಂತಹ ಓದು ಇಂದು ತುರ್ತಿನದು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸಿ 2000 ಮೆಗಾವಾಟ್ ವಿದ್ಯುತ್ತು ಪಡೆಯುವ ಯೋಜನೆ ಚರ್ಚೆಯಲ್ಲಿದೆ. ಕಾಡಿಗೂ ಸಿಂಗಳೀಕಗಳಿಗೂ ಒದಗುವ ಹಾನಿಯ ಪ್ರಶ್ನೆ ನ್ಯಾಯವಾಗಿಯೇ ಎದ್ದಿದೆ. ಈ ಕಣಿವೆ ಒಂದು ರಾಜ್ಯವನ್ನು ರೂಪಿಸಿದ ಭೂಮಿಯೂ ಹೌದು ಎಂಬುದು ಆ ಚರ್ಚೆಯಲ್ಲಿ ಸೇರಬೇಕು. ಬಸದಿಯೊಂದನ್ನು ಸಂರಕ್ಷಿತ ಸ್ಮಾರಕವಾಗಿಸಿ ಬೇಲಿ ಹಾಕಬಹುದು. ಅದು ಅಲ್ಲಿಯೇ ಏಕೆ ಕಟ್ಟಲ್ಪಟ್ಟಿತು ಎಂಬುದಕ್ಕೆ ಉತ್ತರ ಬೇಲಿಯ ಹೊರಗೆ, ನದಿಯಲ್ಲಿಯೂ ಘಟ್ಟದ ದಾರಿಯಲ್ಲಿಯೂ ಇದೆ.

ಪ್ರವಾಸಿಗರ ಭಾಷೆ ಬೀಳುವ ನೀರನ್ನು ಹೆಸರಿಸುತ್ತದೆ. ‘ಗುಂಡಿ’ ಎಂಬ ಜನರ ಮಾತು ನೀರು ಕೊರೆದ ಆಳವನ್ನು ಹೆಸರಿಸಿತು. ಬೇಸಗೆಯಲ್ಲಿ ನೀರು ಎಳೆಯಾದಾಗಲೂ ಆ ಹೆಸರು ಸುಳ್ಳಾಗುವುದಿಲ್ಲ. ಜೋಗಕ್ಕೆ ಹೋದ ವಿದ್ಯಾರ್ಥಿಗಳು ಮೆಟ್ಟಿಲು ಹತ್ತಿ ಬಂದ ಮೇಲೆ ಘಟ್ಟದ ರಸ್ತೆಯಲ್ಲಿ ಗೇರುಸೊಪ್ಪೆಗೂ ಇಳಿದು, ನಾಲ್ಕು ಬಾಗಿಲುಗಳ ಆ ಬಸದಿಯನ್ನು ಕಂಡು ಬರಬೇಕು. ಆಗ ಕಮರಿಯನ್ನು ಎರಡೂ ತುದಿಗಳಿಂದ ನೋಡಿದಂತಾಗುತ್ತದೆ.