ಲಕ್ಕುಂಡಿ: ಊರೋ, ಅಡ್ಡಹೆಸರೋ?
ನವಲಗುಂದ ರೈತ ಬಂಡಾಯದ ದಾಖಲೆಗಳನ್ನು ಗಣಕದಿಂದ ಓದುವ ಕುರಿತು

ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿಯ (ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕಿದ ಕರ) ವಿರುದ್ಧ ಹೂಡಿದ ಹೋರಾಟ 1980ರ ಜುಲೈ 21ರಂದು ಗೋಲಿಬಾರಿಗೆ ತುತ್ತಾಯಿತು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಊರೂರನ್ನು ಬೆಸೆದವರು ಯಾರು, ಯಾವ ವಿಚಾರದಿಂದ ಬೆಸೆದರು ಎಂಬುದನ್ನು ಕರಪತ್ರ, ಪತ್ರಿಕಾ ವರದಿ, ಬಂಧಿತರ ಪಟ್ಟಿಗಳಿಂದ ಲೆಕ್ಕಹಾಕಿ ಹೇಳಬಹುದೇ?

ವಿಧಾನವೇನೋ ಹಳೆಯದೇ. ಸಮಾಜಶಾಸ್ತ್ರಜ್ಞ ರೊನಾಲ್ಡ್ ಬ್ರೈಗರ್ 1974ರಲ್ಲಿ ತೋರಿಸಿದಂತೆ, ಅಡ್ಡಸಾಲಿನಲ್ಲಿ ವ್ಯಕ್ತಿಗಳನ್ನೂ ಕಂಬಸಾಲಿನಲ್ಲಿ ಗುಂಪುಗಳನ್ನೂ ಬರೆದರೆ ಒಂದೇ ಕೋಷ್ಟಕದಿಂದ ವ್ಯಕ್ತಿಗಳದೊಂದು, ಗುಂಪುಗಳದೊಂದು, ಹೀಗೆ ಎರಡು ಜಾಲಗಳು ಹೊರಡುತ್ತವೆ. ಗುಂಪಿನ ಜಾಗದಲ್ಲಿ ಸಭೆಗಳನ್ನಿಟ್ಟರೆ ನಮ್ಮ ಕೆಲಸಕ್ಕೂ ಒದಗುತ್ತದೆ. ಆದರೆ ಸಾವಿರಾರು ಜನರ ಮೆರವಣಿಗೆ ಎಲ್ಲರನ್ನೂ ಎಲ್ಲರಿಗೂ ಗಂಟುಹಾಕುವುದರಿಂದ ಅದು ಏನನ್ನೂ ಹೇಳದು. ಗುಡಿಯ ಕಟ್ಟೆಯ ಮೇಲೆ ಹತ್ತಾರು ಜನ ಕೂತ ಸಭೆಗೆ ಹೆಚ್ಚು ತೂಕ ಕೊಡಬೇಕು.

ನಿಜವಾದ ತೊಡಕಿರುವುದು ಹೆಸರಿನಲ್ಲಿ. ಧಾರವಾಡದ ಕಡೆ ಊರ ಹೆಸರೇ ಅಡ್ಡಹೆಸರಾಗುವುದು ವಾಡಿಕೆ. ‘ಬಸಪ್ಪ ಲಕ್ಕುಂಡಿ’ ಎಂಬುದನ್ನು ಕಂಡ ಯಂತ್ರ, ಅಳಗವಾಡಿಯ ರೈತನನ್ನು ಗದಗ ತಾಲ್ಲೂಕಿನ ಲಕ್ಕುಂಡಿಗೆ ಸೇರಿಸಿ, ಇಲ್ಲದ ಎಳೆಯೊಂದನ್ನು ಎಳೆದೀತು. ಪದಗಳಲ್ಲೂ ಇದೇ ಪಾಡು. ತೆರಿಗೆಯ ಅರ್ಥದ ‘ಕರ’ವನ್ನು ಬರಿಯ ಅಕ್ಷರಸಾಮ್ಯದಿಂದ ಹುಡುಕಿದರೆ ಕರಪತ್ರ, ಬಂದ್ ಕರೆ, ಪತ್ರಕರ್ತ, ಶಂಕರಪ್ಪ ಎಲ್ಲವೂ ತೆರಿಗೆಯ ಲೆಕ್ಕಕ್ಕೆ ಬೀಳುತ್ತವೆ. ವಿಭಕ್ತಿ ಪ್ರತ್ಯಯ ಬಿಡಿಸದೆ ಇಡೀ ಪದವನ್ನಷ್ಟೇ ಹುಡುಕಿದರೆ ‘ಕರವನ್ನು’, ‘ಕರಕ್ಕೆ’ ಕೈತಪ್ಪುತ್ತವೆ.

ಗಡಿಯೂ ಮೋಸಮಾಡುತ್ತದೆ. 1997ರಲ್ಲಿ ನರಗುಂದ ಧಾರವಾಡ ಜಿಲ್ಲೆಯಿಂದ ಗದಗ ಜಿಲ್ಲೆಗೆ ಹೋಯಿತು, ನವಲಗುಂದ ಧಾರವಾಡದಲ್ಲೇ ಉಳಿಯಿತು. ಇಂದಿನ ಜಿಲ್ಲೆಗಳ ಪ್ರಕಾರ ವಿಂಗಡಿಸಿದರೆ, ಅಂದು ಒಂದೇ ಜಿಲ್ಲೆಯಲ್ಲಿದ್ದ ಈ ಎರಡು ಊರುಗಳ ಬಂಡಾಯ ಎರಡು ಜಿಲ್ಲೆಗಳದ್ದಾಗಿ ಕಾಣುತ್ತದೆ. 2015ರಲ್ಲಿ ಇದೇ ಭಾಗದಲ್ಲಿ ಬಿರುಸುಗೊಂಡ ಮಹದಾಯಿ ನದಿನೀರಿನ ಹೋರಾಟದ ಜೊತೆ ಹೋಲಿಸುವವರು ಇದನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ಇನ್ನೊಂದು ಮಾತು. ಬಂಧಿತರ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವವನು ಪೊಲೀಸರ ಕಣ್ಣಿಗೆ ಹೆಚ್ಚು ಬಿದ್ದವನು. ಅವನೇ ಮುಂದಾಳು ಎನ್ನಲು ಬೇರೆ ಸಾಕ್ಷಿ ಬೇಕು. ಬುತ್ತಿ ಕಟ್ಟಿ ಕಳಿಸಿದ ಹೆಣ್ಣುಮಕ್ಕಳಿಗೆ ಅಂಥ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ.

ಆದ್ದರಿಂದ ಲೆಕ್ಕಕ್ಕೆ ಮುನ್ನ ಹೆಸರು, ಅಡ್ಡಹೆಸರು, ವಾಸದ ಊರು, ಅಂದಿನ ಜಿಲ್ಲೆ ಈ ನಾಲ್ಕನ್ನೂ ಬೇರೆ ಬೇರೆ ಕಲಮುಗಳಲ್ಲಿ ಕೈಯಿಂದಲೇ ತುಂಬಬೇಕು. ತುಂಬಿದ ಪಟ್ಟಿಯನ್ನು ಆಯಾ ಊರಿನ ಹಿರಿಯರ ಮುಂದೆ ಒಮ್ಮೆ ಓದಿ ತಿದ್ದಿಸಿಕೊಳ್ಳಬೇಕು.